ಆರು ಮೀಟರು ಮಾಂಜರಪಾಟು

ಕೋಡಿಬಾಗದ ನನ್ನ ಅಂಗಡಿಗೆ ಕಲ್ತೂಮಾ ಮೊದಲು ಬಂದದ್ದು
ತೋಬ್‌ಗೆ ಅಂಚು ಹೊಲಿಸಲು. ತೋಬ್ ಅಂದರೆ ಅವರ ಸೀರೆ,
ನಿರಿಗೆಯಿಲ್ಲ, ತಲೆಯ ಮೇಲಿಂದ ಸುತ್ತಿ ಬರುತ್ತದೆ.
ಒಳಗಿನ ಅಂಗಿಯೂ ಬೇಕು ಎಂದಳು. ಟೇಪು ತೆಗೆದೆ.
ಬಾಗಿಲಿಗೆ ಬೆನ್ನು ತಾಗುವವರೆಗೆ ಹಿಂದೆ ಸರಿದಳು.
ಮರುದಿನ ಹಳೆಯ ಅಂಗಿಯೊಂದನ್ನು ತಂದು ಮೇಜಿನ ಮೇಲಿಟ್ಟಳು:
ಇದರ ಹಾಗೆ.
ಟೇಪಿಗೆ ಹೆದರುವ ಮೈಯನ್ನು
ಇಪ್ಪತ್ತೆರಡು ವರ್ಷದಲ್ಲಿ ಎಷ್ಟೋ ಸಲ ಕಂಡಿದ್ದೆ.
ಕೇಳಿರಲಿಲ್ಲ.

ಅವಳ ಅಣ್ಣ ಬೈತಖೋಲ ಬಂದರಿಗೆ ಬರುವ ಹಡಗಿನವನು.
ಧಾರವಾಡದಲ್ಲಿ ಓದುವ ಇಹ್ಸಾನ್, ಹುಬ್ಬಳ್ಳಿಯ ನರ್ಸು ಹವ್ವಾ
ಶನಿವಾರದ ಬಸ್ಸಿಗೆ ಬಂದಿಳಿಯುತ್ತಾರೆ,
ಅರಬೈಲ್ ಘಟ್ಟದ ತಿರುವುಗಳಲ್ಲಿ ಹವ್ವಾ ಬೆಳ್ಳಗಾಗಿ;
ಅವಳಿಗೆ ಲಿಂಬೆಹಣ್ಣು ಹಿಂಡುವುದು ನನ್ನ ಪಾಲಿನ ಚಳವಳಿ.
ಸುಡಾನಿನ ಆ ತುದಿಯ ಜುನೈನಾ ಅವರೂರು.
ಪುಟ್ಟ ತೋಟ ಎಂದು ಅರ್ಥವಂತೆ.
ಅಲ್ಲಿ ಕಡಲಿಲ್ಲ. ಓಡಿದವರಿಗೆ
ಮುಂದೆ ಇನ್ನು ನೆಲವಿಲ್ಲ ಎಂದು ಹೇಳುವ ಯಾವುದೂ ಇಲ್ಲ,
ಗಡಿಯೊಂದು ಬಿಟ್ಟರೆ.

ಮೂವರಿಗೂ ಬೇಕಾದ್ದು ಒಂದು ಉದ್ದದ ಬಟ್ಟೆ.
ಬಲದಿಂದ ಎಡಕ್ಕೆ ಅವರ ಸಾಲು, ಎಡದಿಂದ ಬಲಕ್ಕೆ ನಮ್ಮದು.
ಇಹ್ಸಾನ್ ಚಾಕಿನಲ್ಲಿ ಬರೆದುಕೊಟ್ಟ ಅರಬ್ಬಿಯನ್ನು
ಓದಲು ಬಾರದ ಕಾರಣ ಸಲೀಸಾಗಿ ಹೊಲಿದೆ,
ಲಂಗದ ಅಂಚಿನ ಬಳ್ಳಿಯ ಹಾಗೆ.
ಕಷ್ಟ ಶುರುವಾದದ್ದು ಕನ್ನಡದಲ್ಲಿ.

ಠಾಣೆಯ ಅರ್ಜಿಯಲ್ಲಿ 'ವಿಷಯ' ಎಂಬಲ್ಲಿ
ರೈಟರು ತಾವೇ 'ಮಾನಭಂಗ' ಎಂದು ಬರೆದುಕೊಂಡಿದ್ದರು,
ತಲೆಯೆತ್ತದೆ, ಪಾಪ, ಮರ್ಯಾದಸ್ತ ಮನುಷ್ಯ.
ನಾನೂ ಅದನ್ನೇ ಹೊಲಿಯಲು ಕೂತೆ. 'ಮಾ' ಮುಗಿದಿತ್ತು.
ಹಾಗೆಂದರೇನು, ಎಂದಳು ಕಲ್ತೂಮಾ ಅರೆಬರೆ ಹಿಂದಿಯಲ್ಲಿ.
ಮಾನ ಒಡೆಯುವುದು, ಎಂದೆ.
ಯಾರದು?
ಹೆಂಗಸಿನದು, ಎನ್ನುತ್ತಿದ್ದ ಹಾಗೆ ನನ್ನ ದನಿ
ದಾರ ತುಂಡಾದ ಮಿಷನ್ನಿನಂತೆ ಖಾಲಿ ಓಡಿತು.

ಅವರು ಒಡೆದದ್ದು ನನ್ನ ಸೊಂಟದ ಎಲುಬು, ಎಂದಳು.
ಅದು ಕೂಡಿಕೊಂಡಿದೆ.
ಮಾನ ಬಿಟ್ಟುಹೋದವರು ಅವರು, ನಮ್ಮ ಹೊಸಿಲಲ್ಲಿ.
ಹುಡುಕಿಕೊಂಡು ಇನ್ನೂ ಯಾರೂ ಬಂದಿಲ್ಲ.

ಆ ರಾತ್ರಿ ನನಗೆ ಗೊತ್ತಿದ್ದ ಶಬ್ದಗಳನ್ನೆಲ್ಲ
ಗಿರಾಕಿಯ ಎದುರು ಥಾನು ಬಿಚ್ಚಿದಂತೆ ಬಿಚ್ಚಿ ನೋಡಿದೆ.
ಕೆಟ್ಟಳು. ಹಾಳಾದಳು. ಹೋದಳು.
ಅಜ್ಜಿ ಓಣಿಯ ಒಬ್ಬಳ ಬಗ್ಗೆ ದನಿ ತಗ್ಗಿಸಿ ಹೇಳುತ್ತಿದ್ದದ್ದೂ ಇದೇ.
ಎಲ್ಲದರ ತುದಿಗೂ ಒಂದು 'ಳು', ಗುಂಡಿಯಂತೆ ಬಿಗಿದು.
ಮಾಡಿದವನಿಗೆ ಅಂಗಿಯೇ ಹೊಲಿದಿಲ್ಲ ನಮ್ಮ ಮಾತು.
ಮಾನ ಎಂದರೆ ಅಳತೆ ಎಂದೂ ಆಗುತ್ತದೆ
ಎಂದಿದ್ದರು ಶಾಲೆಯಲ್ಲಿ ಮಾಸ್ತರು;
ಉಪಯೋಗ ಬಿದ್ದಿರಲಿಲ್ಲ.

ಮುಗಿದಿದ್ದ 'ಮಾ' ಬಿಚ್ಚಲಿಲ್ಲ.
ಅದರ ಮುಂದೆ 'ಡಿ' ಹೊಲಿದೆ. 'ದ'. 'ವ'. 'ರು'.
ಬೆಳಗಿನ ಹಾಲಿನವನು ಬರುವಾಗ ಬಟ್ಟೆಯ ಮೇಲಿತ್ತು:
ಮಾಡಿದವರು ಕೆಟ್ಟರು, ನಾವಲ್ಲ.

ಭಾನುವಾರ ಸಂಜೆ ಕಡಲ ದಂಡೆಯಲ್ಲಿ,
ದಡಕ್ಕೆ ಎಳೆದು ಮ್ಯೂಸಿಯಂ ಮಾಡಿದ ಯುದ್ಧನೌಕೆಯ ಕೆಳಗೆ
ಬಟ್ಟೆ ಹಿಡಿದು ನಿಂತೆವು.
ಮೇಲೆ ಮಕ್ಕಳು ಕ್ಷಿಪಣಿಗೆ ಒರಗಿ ಫೋಟೊ ತೆಗೆಸಿಕೊಳ್ಳುತ್ತಿದ್ದರು.
ಒಬ್ಬರು ಸಾಗವಾನಿ ಸೋಫಾ ಎಷ್ಟು ಎಂದು ಕೇಳಿದರು,
ಕರಕುಶಲ ಮೇಳದವರೆಂದು ತಿಳಿದು.
ಪೊಲೀಸಣ್ಣ ಶೇಂಗಾ ತಿನ್ನುತ್ತ ದೂರ ನಿಂತಿದ್ದ.
ಗಾಳಿಗೆ ಆರು ಮೀಟರೂ ಹಾಯಿಯಂತೆ ಉಬ್ಬಿ
ಹವ್ವಾಳ ಕೈಯಿಂದ ತುದಿ ಜಾರಿತು.

ಹಿಡಿದವಳು ಮಾಜಾಳಿಯ ರುಕ್ಮಾ.
ಮೀನಿನ ಬುಟ್ಟಿ ಖಾಲಿ ಮಾಡಿ ಮನೆಗೆ ಹೊರಟವಳು.
ಹನ್ನೆರಡು ವರ್ಷದಿಂದ ಟೇಪು ಮುಟ್ಟಗೊಡದೆ
ಹಳೆಯ ರವಿಕೆಯನ್ನೇ ಅಳತೆಗೆ ಕೊಡುವವಳು.
ಒಂದೊಂದೇ ಅಕ್ಷರ ಕೂಡಿಸಿ ಓದಿದಳು, ಗಟ್ಟಿಯಾಗಿ.
ಇನ್ನೊಮ್ಮೆ ಓದಿದಳು, ಮೆಲ್ಲಗೆ.
ಕೊನೆಯ ಬಸ್ಸು ಹೋಗುವವರೆಗೆ ಬಿಡಲಿಲ್ಲ.

ಆ ತುದಿಗೆ ಇನ್ನೂ ಬಂಗಡೆಯ ವಾಸನೆ.
ಒಗೆಯಬೇಡ ಎಂದಿದ್ದಾಳೆ ಕಲ್ತೂಮಾ.